ಕಥೆಯಲ್ಲಿ ವ್ಯಂಗ್ಯ ಎಷ್ಟು ಬಗೆ? ವಿರಾಟಪರ್ವದಿಂದ ಒಂದು ಉತ್ತರ

ಐರನಿ, ಅಂದರೆ ವ್ಯಂಗ್ಯ, ಬರಿಯ ಕೊಂಕುಮಾತೇ, ಕಥೆಗಳಲ್ಲಿ ಅದಕ್ಕೆ ಬೇರೆ ಬಗೆಗಳೂ ಇವೆಯೇ ಎಂದು ಕೇಳಿದ್ದೀರಿ. ವಿಮರ್ಶೆಯಲ್ಲಿ ಸಾಮಾನ್ಯವಾಗಿ ಮಾತಿನ ವ್ಯಂಗ್ಯ, ನಾಟಕೀಯ ವ್ಯಂಗ್ಯ, ಸನ್ನಿವೇಶದ ವ್ಯಂಗ್ಯ ಎಂದು ಮೂರನ್ನು ಹೇಳುತ್ತಾರೆ; ಕೊನೆಯದನ್ನು ನಾವು ವಿಪರ್ಯಾಸ ಎನ್ನುವುದೂ ಉಂಟು. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಯಾರಿಗೆ ಏನು ಗೊತ್ತಿದೆ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮಹಾಭಾರತದ ವಿರಾಟಪರ್ವದಲ್ಲಿ, ಪಾಂಡವರು ವೇಷ ಮರೆಸಿಕೊಂಡು ವಿರಾಟನ ಅರಮನೆಯಲ್ಲಿದ್ದಾಗ ನಡೆಯುವ ಗೋಗ್ರಹಣ ಪ್ರಸಂಗವನ್ನು ಓದುವುದು ಮೇಲು.

ಕೌರವರು ಗೋವುಗಳನ್ನು ಹಿಡಿದಾಗ ಉತ್ತರಕುಮಾರನು, ಒಬ್ಬ ಸಾರಥಿ ಸಿಕ್ಕರೆ ಸಾಕು, ನನ್ನ ಪರಾಕ್ರಮ ಕಂಡ ಶತ್ರುಗಳು ಸಾಕ್ಷಾತ್ ಅರ್ಜುನನೇ ಬಂದನೇ ಎಂದುಕೊಳ್ಳುತ್ತಾರೆ ಎಂದು ಅಂತಃಪುರದ ಹೆಂಗಸರೆದುರು ಕೊಚ್ಚಿಕೊಳ್ಳುತ್ತಾನೆ. ಕೇಳುತ್ತಿರುವ ಸೈರಂಧ್ರಿ ಅರ್ಜುನನ ಹೆಂಡತಿ, ಅದೇ ಅರಮನೆಯಲ್ಲಿ ನಾಟ್ಯ ಕಲಿಸುತ್ತಿರುವ ಬೃಹನ್ನಳೆ ಸ್ವತಃ ಅರ್ಜುನ. ಇದು ನಮಗೆ ಗೊತ್ತು, ಉತ್ತರನಿಗೆ ಗೊತ್ತಿಲ್ಲ. ನಾಟಕೀಯ ವ್ಯಂಗ್ಯವೆಂದರೆ ಈ ಅಂತರವೇ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ನಮ್ಮ ಗಾದೆ ಜಂಬದ ನಗೆಯನ್ನಷ್ಟೇ ಉಳಿಸಿಕೊಂಡಿದೆ, ಆ ಜಂಬ ಅಕ್ಷರಶಃ ನಿಜವಾಗುವ ಸೊಗಸನ್ನು ಬಿಟ್ಟುಬಿಟ್ಟಿದೆ.

ಇದೇ ಅಂತರ ನಗುವಿನಿಂದ ನೋವಿಗೂ ತಿರುಗಬಲ್ಲದು. ಮಗ ಗೆದ್ದನೆಂದು ಹಿಗ್ಗಿದ ವಿರಾಟನ ಮುಂದೆ ಕಂಕನು, ಅಂದರೆ ವೇಷ ಮರೆಸಿಕೊಂಡ ಧರ್ಮರಾಯನು, ಬೃಹನ್ನಳೆ ಸಾರಥಿಯಾಗಿರುವಾಗ ಗೆಲುವು ಬಾರದಿರುತ್ತದೆಯೇ ಎನ್ನುತ್ತಾನೆ. ಅವನು ಹೇಳಿದ್ದು ಸತ್ಯ. ರಾಜನ ಕಿವಿಗೆ ಅದು ಅವಮಾನ. ಪಗಡೆಯ ದಾಳವನ್ನೆಸೆದು ರಾಜನು ಮೂಗಿನಲ್ಲಿ ರಕ್ತ ಬರಿಸಿದ್ದು ಧರ್ಮರಾಯನಿಗೆ ಎಂಬುದನ್ನು ಬಲ್ಲ ಓದುಗನು ಇಲ್ಲಿ ನಗಲಾರ. ನನ್ನ ಮಟ್ಟಿಗೆ ಇಡೀ ಪರ್ವದಲ್ಲಿ ಇದಕ್ಕಿಂತ ತೀಕ್ಷ್ಣವಾದ ಗಳಿಗೆ ಇನ್ನೊಂದಿಲ್ಲ.

ಮಾತಿನ ವ್ಯಂಗ್ಯದಲ್ಲಿ ಆಡುವವನಿಗೇ ಎರಡು ಅರ್ಥವೂ ಗೊತ್ತಿರುತ್ತವೆ. ಹಾಡು, ಕುಣಿತವಾದರೆ ಸರಿ, ರಥ ಹೊಡೆಯುವ ಶಕ್ತಿ ನನಗೆಲ್ಲಿಯದು ಎನ್ನುವ ಬೃಹನ್ನಳೆ, ಕವಚವನ್ನು ತಲೆಕೆಳಗಾಗಿ ತೊಡಲು ಹೋಗಿ ಹೆಂಗಸರನ್ನು ನಗಿಸುತ್ತಾಳೆ. ಇದರಲ್ಲಿ ಕೊಂಕಿನ ಲೇಶವೂ ಇಲ್ಲವೆಂಬುದನ್ನು ಗಮನಿಸಿ.

ಸನ್ನಿವೇಶದ ವ್ಯಂಗ್ಯವನ್ನು ಜನ ಆಕಸ್ಮಿಕದೊಡನೆ ಬೆರೆಸಿಬಿಡುತ್ತಾರೆ. ಮದುವೆಯ ದಿನ ಮಳೆ ಸುರಿದರೆ ಅದು ದುರದೃಷ್ಟವಷ್ಟೇ. ನಾವು ಏನನ್ನು ಬಯಸಿ ಹೆಜ್ಜೆಯಿಟ್ಟೆವೋ ಆ ಹೆಜ್ಜೆಯೇ ಅದಕ್ಕೆ ವಿರುದ್ಧವಾದುದನ್ನು ತಂದಾಗ ಮಾತ್ರ ವಿಪರ್ಯಾಸ. ಎದುರು ಬಂದವನು ಅರ್ಜುನನಾದರೆ ಅಜ್ಞಾತವಾಸ ಮುರಿದಂತೆ, ಪಾಂಡವರು ಮತ್ತೆ 12 ವರ್ಷ ಕಾಡಿಗೆ ಹೋಗಬೇಕು ಎಂದು ದುರ್ಯೋಧನನು ರಣರಂಗದಲ್ಲಿ ಹಿಗ್ಗುತ್ತಾನೆ. ಆಗ ಭೀಷ್ಮನು, ಐದು ವರ್ಷಕ್ಕೆ ಎರಡು ಅಧಿಕಮಾಸದಂತೆ ಲೆಕ್ಕ ಹಾಕಿ, 13 ವರ್ಷಗಳ ಮೇಲೆ 5 ತಿಂಗಳು 12 ರಾತ್ರಿಗಳು ಕೂಡಿ ಅವಧಿ ಆಗಲೇ ತೀರಿದೆ ಎನ್ನುತ್ತಾನೆ. ದನ ಹಿಡಿಯಲು ಬಂದು ದುರ್ಯೋಧನನೇ ಪಾಂಡವರನ್ನು ಮರೆಯಿಂದ ಹೊರಗೆ ಕರೆತಂದಿದ್ದ.