ಜಿರಾ: ತಲೆಗೊಂದು ಫಿಲ್ಟರ್ ಬೇಡ, ಒಂದರಲ್ಲೇ ಎಲ್ಲರದ್ದೂ ಆಗುತ್ತೆ

ತಂಡದ ಕೆಲಸಗಳನ್ನು ಟಿಕೆಟ್‌ಗಳಾಗಿ ಇಡುವ ಜಿರಾ ಸಾಫ್ಟ್‌ವೇರ್‌ನಲ್ಲಿ ಒಬ್ಬೊಬ್ಬರ ಹೆಸರಿಗೂ ಬೇರೆ ಫಿಲ್ಟರ್ (ಉಳಿಸಿಟ್ಟ ಹುಡುಕಾಟ) ಮಾಡಿಟ್ಟಿದ್ದೀವಿ, ಹೊಸಬರು ಸೇರಿದಾಗಲೆಲ್ಲ ಇನ್ನೊಂದು ಮಾಡಬೇಕು ಅಂದಿದ್ರಲ್ಲ ಸರ್, ಹೆಸರನ್ನೇ ತೆಗೆದುಬಿಡಿ. ಆ ಜಾಗಕ್ಕೆ ಕರೆಂಟ್‌ಯೂಸರ್() ಹಾಕಿದರೆ ಯಾರು ಲಾಗಿನ್ ಆಗಿದ್ದಾರೋ ಅವರ ಟಿಕೆಟ್‌ಗಳೇ ಬರುತ್ತವೆ. ಸರ್ಚ್ ಪುಟದಲ್ಲಿ ಬೇಸಿಕ್‌ನಿಂದ ಜೆಕ್ಯೂಎಲ್‌ಗೆ (ಜಿರಾದ ಹುಡುಕಾಟ ಭಾಷೆ) ಬದಲಿಸಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ:

ಅಸೈನೀ = ಕರೆಂಟ್‌ಯೂಸರ್() ಆಂಡ್ ಸ್ಟೇಟಸ್‌ಕೆಟಗರಿ != ಡನ್ ಆರ್ಡರ್ ಬೈ ಅಪ್ಡೇಟೆಡ್ ಎಎಸ್‌ಸಿ

ಅಂದರೆ ನನಗೆ ವಹಿಸಿದ, ಇನ್ನೂ ಮುಗಿಯದ ಟಿಕೆಟ್‌ಗಳು; ಬಹಳ ದಿನದಿಂದ ಯಾರೂ ಮುಟ್ಟದ ಟಿಕೆಟ್ ಮೇಲೆ ಬರುತ್ತದೆ. ಹಲವರು ಇಲ್ಲಿ ಸ್ಟೇಟಸ್‌ಕೆಟಗರಿ ಬದಲು 'ರೆಸಲ್ಯೂಷನ್ ಈಸ್ ಎಂಪ್ಟಿ' (ಟಿಕೆಟ್ ಹೇಗೆ ಮುಗಿಯಿತು ಅನ್ನುವ ಫೀಲ್ಡ್ ಖಾಲಿ) ಬಳಸುತ್ತಾರೆ. ವರ್ಕ್‌ಫ್ಲೋದಲ್ಲಿ (ಟಿಕೆಟ್ ಸಾಗುವ ಹಂತಗಳು) ಟಿಕೆಟ್ ಮುಚ್ಚುವಾಗ ರೆಸಲ್ಯೂಷನ್ ತುಂಬುವ ವ್ಯವಸ್ಥೆ ಇಲ್ಲದಿದ್ದರೆ ಮುಗಿದ ಟಿಕೆಟ್‌ಗಳೂ ಪಟ್ಟಿಯಲ್ಲೇ ಉಳಿಯುತ್ತವೆ. ಅದಕ್ಕೇ ಸ್ಟೇಟಸ್‌ಕೆಟಗರಿ ವಾಸಿ.

ಎಲ್ಲರೂ ಎಡವುವುದು 'ನನ್ನದಲ್ಲದ ಟಿಕೆಟ್' ಹುಡುಕುವಾಗ. ಅಸೈನೀ != ಕರೆಂಟ್‌ಯೂಸರ್() ಅಂತಷ್ಟೇ ಬರೆದರೆ ಯಾರಿಗೂ ವಹಿಸದ ಟಿಕೆಟ್‌ಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ಯಾಕಂದ್ರೆ ಖಾಲಿ ಫೀಲ್ಡನ್ನು != ಲೆಕ್ಕಕ್ಕೇ ತಗೊಳ್ಳಲ್ಲ. ಹೆಲ್ಪ್‌ಡೆಸ್ಕ್‌ನಲ್ಲಿ ಮೊದಲು ನೋಡಬೇಕಾದವೇ ಅವು! ಹೀಗೆ ಬರೆಯಿರಿ:

(ಅಸೈನೀ != ಕರೆಂಟ್‌ಯೂಸರ್() ಆರ್ ಅಸೈನೀ ಈಸ್ ಎಂಪ್ಟಿ) ಆಂಡ್ ಸ್ಟೇಟಸ್‌ಕೆಟಗರಿ != ಡನ್

ಆವರಣ ಬಿಡಬೇಡಿ. ಆರ್‌ಗಿಂತ ಮೊದಲು ಆಂಡ್ ಲೆಕ್ಕವಾಗುತ್ತದೆ. ಆವರಣ ಇಲ್ಲದಿದ್ದರೆ ಬೇರೆಯವರು ಮುಗಿಸಿದ ಹಳೇ ಟಿಕೆಟ್‌ಗಳೆಲ್ಲ ಬಂದು ಕೂರುತ್ತವೆ.

ನನ್ನ ಕೈಯಿಂದ ಬೇರೆಯವರಿಗೆ ಹೋದವು ಬೇಕಾದರೆ 'ಅಸೈನೀ ವಾಸ್ ಕರೆಂಟ್‌ಯೂಸರ್() ಆಂಡ್ ಅಸೈನೀ != ಕರೆಂಟ್‌ಯೂಸರ್()'. ಜಿರಾದ ಹೆಲ್ಪ್‌ಡೆಸ್ಕ್ ಆವೃತ್ತಿಯಾದ ಸರ್ವಿಸ್ ಮ್ಯಾನೇಜ್‌ಮೆಂಟ್ ಇದ್ದರೆ ಮೊದಲ ಸಾಲಿನಲ್ಲಿ ಆರ್ಡರ್ ಬೈಗೆ ಮುಂಚೆ 'ಆಂಡ್ "ಟೈಮ್ ಟು ರೆಸಲ್ಯೂಷನ್" < ರಿಮೈನಿಂಗ್("2ಎಚ್")' ಸೇರಿಸಿ; ಗಡುವಿಗೆ ಎರಡು ಗಂಟೆಗಿಂತ ಕಡಿಮೆ ಉಳಿದವು ಸಿಗುತ್ತವೆ.

ಸೇವ್ ಮಾಡಿದ ಮೇಲೆ ಫಿಲ್ಟರನ್ನು ತಂಡದ ಗ್ರೂಪ್‌ಗೆ ಶೇರ್ ಮಾಡಲೇಬೇಕು. ಡ್ಯಾಶ್‌ಬೋರ್ಡ್ ಮಾತ್ರ ಶೇರ್ ಮಾಡಿದರೆ ನಿಮಗೆ ಸರಿಯಾಗಿ ಕಾಣುತ್ತದೆ, ಉಳಿದವರಿಗೆ ಗ್ಯಾಜೆಟ್‌ನಲ್ಲಿ (ಡ್ಯಾಶ್‌ಬೋರ್ಡ್‌ನಲ್ಲಿ ಫಿಲ್ಟರಿನ ಪಟ್ಟಿ ತೋರಿಸುವ ಚೌಕ) ಏನೂ ಬರಲ್ಲ. ಫಿಲ್ಟರ್ ಶೇರ್ ಮಾಡಿದ ಮಾತ್ರಕ್ಕೆ ಪ್ರಾಜೆಕ್ಟ್ ನೋಡುವ ಅನುಮತಿ ಸಿಗುವುದಿಲ್ಲ, ಅದನ್ನು ಅಡ್ಮಿನ್ ಬೇರೆಯಾಗಿ ಕೊಡಬೇಕು.

ಬೆಳಗ್ಗೆ ಮೇಲ್‌ನಲ್ಲೂ ಪಟ್ಟಿ ಬೇಕಿದ್ದರೆ ಇದೇ ಫಿಲ್ಟರ್‌ಗೆ ಗ್ರೂಪ್ ಹೆಸರಿನಲ್ಲಿ ಸಬ್‌ಸ್ಕ್ರಿಪ್ಷನ್ ಹಾಕಿ. ಒಬ್ಬೊಬ್ಬರಿಗೂ ಅವರವರ ಟಿಕೆಟ್‌ಗಳೇ ಹೋಗುತ್ತವೆ. ಗ್ರೂಪ್ ಆಯ್ಕೆಯೇ ಕಾಣದಿದ್ದರೆ ಗ್ರೂಪ್ ಸಬ್‌ಸ್ಕ್ರಿಪ್ಷನ್ ನಿರ್ವಹಿಸುವ ಅನುಮತಿ ನಿಮಗಿಲ್ಲ ಅಂತ, ಅಡ್ಮಿನ್‌ಗೆ ಹೇಳಿ ಹಾಕಿಸಿಕೊಳ್ಳಿ.