ಹರಳು ಯಾಕೆ ಅಲುಗಾಡುತ್ತದೆ?

ಪ್ರಶ್ನೆ: ಆಚಾರ್ರೇ, ನಮಸ್ಕಾರ. ನಾನು ನೀರ್ಚಾಲಿನವಳು, ವಯಸ್ಸು 24. ಆಭರಣ ಮಾಡಲು ಕಲಿಯುವ ಆಸೆ. ವಿಡಿಯೋ ನೋಡಿ ಬೆಳ್ಳಿಯ ಉಂಗುರ ಮಾಡಿ, ಅದಕ್ಕೆ 8 ಮಿಲಿಮೀಟರಿನ ದುಂಡು ಹಸಿರು ಹರಳು ಕೂರಿಸಿದೆ. ಎಷ್ಟು ಒತ್ತಿದರೂ ಅಲುಗಾಡುತ್ತದೆ. ಅಂಟು ಹಾಕಬಹುದಾ? ಬೆಳ್ಳಿ ತಂತಿ ಬಗ್ಗಿಸುವಾಗ ತುಂಡಾಗುವುದು ಯಾಕೆ? ಅಜ್ಜಿಯ ಹವಳದ ಉಂಗುರದ ಬೆಸುಗೆ ಬಿಟ್ಟಿದೆ, ಅದನ್ನೇ ಅಭ್ಯಾಸಕ್ಕೆ ತಗೊಳ್ಳಲಾ? ಮುಂದೆ ಕೇರಳದ ಹಸಿರು ಹರಳಿನ ಪಾಲಕ್ಕ ಮಾಲೆ ಮಾಡಬೇಕೆಂದಿದೆ.

ಉತ್ತರ: ಮಗಳೇ, ಮೊದಲು ಹವಳದ ಮಾತು. ಆ ಉಂಗುರಕ್ಕೆ ಬೆಂಕಿ ತೋರಿಸಬೇಡ, ಆಸಿಡ್‌ಗೂ ಹಾಕಬೇಡ. ಹವಳ, ಮುತ್ತು ಎರಡೂ ಸುಣ್ಣದ ಜಾತಿ. ನನಗೆ 17 ವರ್ಷ ಇರುವಾಗ, ಕುಂಬಳೆಯಲ್ಲಿ ಅಪ್ಪನ ಜೊತೆ ಕೆಲಸ ಕಲಿಯುತ್ತಿದ್ದೆ. ಯಾರದೋ ಹವಳದ ಉಂಗುರ ಕಪ್ಪಾಗಿದೆ ಎಂದು ಹರಳು ಬಿಚ್ಚದೆ ಆಸಿಡ್ ನೀರಿಗೆ ಹಾಕಿಬಿಟ್ಟೆ. ಸಣ್ಣ ಸಣ್ಣ ಗುಳ್ಳೆ ಬಂತು. ತೆಗೆದು ನೋಡಿದರೆ ಹೊಳಪೇ ಇಲ್ಲ. ಅಪ್ಪ ಬಯ್ಯಲಿಲ್ಲ, ಕೈಯಿಂದ ದುಡ್ಡು ಹಾಕಿ ಬೇರೆ ಹವಳ ತಂದುಕೊಟ್ಟರು. ಆ ದಿನ ನನಗೆ ಊಟ ಸೇರಲಿಲ್ಲ.

ಇನ್ನು ನಿನ್ನ ಹಸಿರು ಹರಳು. ಅಂಟು ಬೇಡ. ಬೆವರು, ಸೋಪು ತಾಗಿ ತಾಗಿ ಒಂದು ದಿನ ಬಿಡುತ್ತದೆ. ಸೂಪರ್ ಗ್ಲೂ ಆದರೆ ಹರಳಿನ ಸುತ್ತ ಬಿಳಿ ಮಬ್ಬು ಕೂಡ ಕಟ್ಟುತ್ತದೆ. ಒತ್ತಿದರೂ ಅಲುಗಾಡುವುದಕ್ಕೆ ಹೆಚ್ಚಾಗಿ ಎರಡೇ ಕಾರಣ. ಒಂದು, ಗೂಡು, ಅಂದರೆ ಹರಳನ್ನು ಸುತ್ತ ಹಿಡಿಯುವ ತಗಡಿನ ಬಳೆ, ದೊಡ್ಡದಾಗಿದೆ. ಇನ್ನೊಂದು, ಗೂಡಿನ ಒಳಗೆ ಬೆಸುಗೆಯ ಗುಡ್ಡೆ ಉಳಿದು ಹರಳು ಒಂದು ಬದಿ ಎದ್ದು ಕೂತಿದೆ. ಅಡಿಯಲ್ಲಿ ಸರಿಯಾಗಿ ಕೂರದ ಹರಳನ್ನು ಮೇಲಿನಿಂದ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ.

ಗೂಡಿನ ಪಟ್ಟಿಯ ಅಳತೆಯನ್ನು ಅಂದಾಜಿಗೆ ಬಿಡಬೇಡ. ಹರಳಿನ ಅಗಲಕ್ಕೆ ತಗಡಿನ ದಪ್ಪ ಕೂಡಿಸಿ 3.14ರಿಂದ ಗುಣಿಸು. ನಿನ್ನದು 8 ಮಿಲಿಮೀಟರ್, ತಗಡು 0.3 ಎಂದಿಟ್ಟುಕೋ. 8.3ಕ್ಕೆ 26 ಮಿಲಿಮೀಟರ್ ಬರುತ್ತದೆ. ಎರಡು ತುದಿ ಬೆಳಕು ಕಾಣದ ಹಾಗೆ ಕೂಡಬೇಕು, ಬೆಸುಗೆ ಸಂದು ತುಂಬುವುದಿಲ್ಲ. ಬಿಳಿಗಾರ (ಬೋರಾಕ್ಸ್) ಹಚ್ಚಿ, ಬೆಂಕಿಯನ್ನು ಬೆಸುಗೆಯ ಚೂರಿಗೆ ಹಿಡಿಯಬೇಡ, ಇಡೀ ತುಂಡನ್ನು ಕಾಯಿಸು. ಬಿಸಿ ಎಲ್ಲಿದೆಯೋ ಬೆಸುಗೆ ಅಲ್ಲಿಗೆ ಹರಿಯುತ್ತದೆ. ಆಮೇಲೆ ಒಳಗಿನ ಗುಡ್ಡೆಯನ್ನು ಕೆರೆದು ತೆಗೆ. ಹರಳು ತನ್ನ ಭಾರಕ್ಕೇ ಇಳಿದು ಕೂರಬೇಕು. ಪರೀಕ್ಷೆ ಮಾಡುವಾಗ ಅಡಿಗೆ ಒಂದು ದಾರ ಇಟ್ಟು ಹಾಕು, ಎಳೆದರೆ ಹರಳು ಹೊರಗೆ ಬರುತ್ತದೆ. ದಾರ ಇಲ್ಲದೆ ಹಾಕಿ ಸಿಕ್ಕಿಸಿಕೊಂಡವರು ತುಂಬಾ ಜನ.

ಅಂಚು ಒತ್ತುವಾಗ ಸುತ್ತಲೂ ಒಂದೇ ಸಮನೆ ಹೋಗಬೇಡ. ಜೀಪಿನ ಚಕ್ರದ ನಟ್ಟು ಬಿಗಿಯುವ ಹಾಗೆ ಎದುರುಬದುರು ಒತ್ತು. ಇಲ್ಲವಾದರೆ ತಗಡೆಲ್ಲ ಕೊನೆಗೆ ಒಂದೇ ಕಡೆ ಸೇರಿ ಸುಕ್ಕು ಕಟ್ಟುತ್ತದೆ.

ತಂತಿಯ ವಿಷಯ ಸುಲಭ. ಬಗ್ಗಿಸಿದಷ್ಟೂ, ಬಡಿದಷ್ಟೂ ಬೆಳ್ಳಿ ಗಡುಸಾಗುತ್ತದೆ. ಮಸುಕು ಕೆಂಪು ಬರುವಷ್ಟು ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಆ ಕೆಂಪು ಬಿಸಿಲಲ್ಲಿ ಕಾಣುವುದಿಲ್ಲ. ಅದಕ್ಕೇ ನಮ್ಮ ಅಂಗಡಿಯಲ್ಲಿ ಒಲೆ ಇರುವುದು ಕತ್ತಲೆ ಮೂಲೆಯಲ್ಲಿ. ಶುದ್ಧ ಬೆಳ್ಳಿ 961 ಡಿಗ್ರಿಗೆ ಕರಗುತ್ತದೆ, ತಾಮ್ರ ಬೆರೆಸಿದ್ದು ಇನ್ನೂ ಬೇಗ. ಹಾಗಾಗಿ ಮೊದಲ ಎರಡು ತಿಂಗಳು ತಾಮ್ರದಲ್ಲೇ ಮಾಡು. ಅದಕ್ಕೆ 1,085 ಡಿಗ್ರಿ ಬೇಕು, ಕೈ ತಪ್ಪಿದರೂ ತಡೆದುಕೊಳ್ಳುತ್ತದೆ.

ಒಂದು ಮಾತು ಮರೆಯಬೇಡ. ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದು ಎಂದು ಕೇಳಿಯೇ ತಗೋ. ಕ್ಯಾಡ್ಮಿಯಂ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ವಿಷ. ನಮ್ಮ ಹಿಂದಿನವರು ಗೊತ್ತಿಲ್ಲದೆ ಅದನ್ನು ಉಸಿರಾಡಿದ್ದಾರೆ. ಕಿಟಕಿ ತೆರೆದೇ ಕೆಲಸ ಮಾಡು, ತಲೆಗೂದಲು ಬಿಗಿದು ಕಟ್ಟು. ಕಾಯಿಸಿದ ಬೆಳ್ಳಿಯ ಕಪ್ಪು ತೆಗೆಯಲು ಆಸಿಡ್ ಬೆರೆಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕಲಿಯುವವರಿಗೆ ಬಿಸಿ ಹುಣಸೆ ನೀರೂ ಸಾಕು, ಸ್ವಲ್ಪ ನಿಧಾನ ಅಷ್ಟೇ.

ಪಾಲಕ್ಕ ಮಾಲೆಯ ಆಸೆ ನನಗೆ ಖುಷಿ ಕೊಟ್ಟಿತು. ಆದರೆ ಅದರ ಹರಳಿಗೆ ಚೂಪು ತುದಿ ಇದೆ, ದುಂಡು ಹರಳಿನ ಹಾಗಲ್ಲ. ಅಲ್ಲಿ ತುದಿಯನ್ನು ಮೊದಲು ಒತ್ತಬೇಕು, ಬದಿ ಆಮೇಲೆ. ಅಡಿಗೆ ಹೊಳೆಯುವ ಹಾಳೆ ಇಡುವುದಾದರೆ ಗೂಡಿಗೆ ಒಂದು ಹನಿ ನೀರೂ ಇಳಿಯಬಾರದು. ನಮ್ಮ ಊರಿನ ಮಳೆಗಾಲಕ್ಕೆ ಆ ಹಾಳೆ ಕಪ್ಪಾಗಿ, ಹರಳು ಸತ್ತ ಹಾಗೆ ಕಾಣುತ್ತದೆ. ದುಂಡು ಹರಳಿನ ಗೂಡು ಹತ್ತು ಮಾಡಿದ ಮೇಲೆ ಅದಕ್ಕೆ ಕೈ ಹಾಕು.

ಕುಂಬಳೆಗೆ ಬರುವಾಗ ಎರಡೂ ಉಂಗುರ ತಾ. ಅಜ್ಜಿಯದ್ದರ ಹವಳ ಬಿಚ್ಚಿ ಬೆಸುಗೆ ಹಾಕುವುದನ್ನು ಪಕ್ಕದಲ್ಲಿ ಕೂತು ನೋಡು. ನಿನ್ನದನ್ನು ನೀನೇ ಬಿಚ್ಚು, ನಾನು ಇರುತ್ತೇನೆ.