ಪ್ರಶ್ನೆ ನಿಮ್ಮದು: ಕೆಲಸವಿಲ್ಲದ ಕಾಲದ ಸಿಟ್ಟು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಕೆಲಸ ಇಲ್ಲ, ಕೇಳುವವರೂ ಇಲ್ಲ. ಬೈಗುಳ ತೆಗೆದು ಪ್ರಶ್ನೆ ಉಳಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಬಹಳ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಿರುದ್ಯೋಗ ಕಡಿಮೆಯಾಗಿದೆ ಎಂದು ಸರ್ಕಾರ ಅಂಕಿಅಂಶ ಬಿಡುಗಡೆ ಮಾಡಿದೆ. ನಮ್ಮ ಮನೆಯಲ್ಲೇ ಓದಿದವರು ಇಬ್ಬರು ಖಾಲಿ ಕೂತಿದ್ದೇವೆ ಸರ್. ಸುಳ್ಳು ಹೇಳುತ್ತಿರುವವರು ಯಾರು?

ಉತ್ತರ: ಇಬ್ಬರೂ ನಿಜ ಹೇಳುತ್ತಿರಬಹುದು. ಕಿರಿಕಿರಿ ಇರುವುದೇ ಅಲ್ಲಿ. ಹೆಚ್ಚಿನ ದೇಶಗಳು ಅನುಸರಿಸುವುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಳತೆಗೋಲನ್ನು. ಅದರ ಪ್ರಕಾರ ನಿರುದ್ಯೋಗಿ ಅನ್ನಿಸಿಕೊಳ್ಳಬೇಕಾದರೆ ಕೆಲಸ ಇರಬಾರದು, ಕೊಟ್ಟರೆ ಸೇರಲು ತಯಾರಿರಬೇಕು, ಇತ್ತೀಚಿನ ವಾರಗಳಲ್ಲಿ ಹುಡುಕಿಯೂ ಇರಬೇಕು. ಸಮೀಕ್ಷೆಯ ವಾರದಲ್ಲಿ ಒಂದು ಗಂಟೆ ದುಡಿದು ಕಾಸು ಪಡೆದವನೂ ಉದ್ಯೋಗಿಯೇ. ಹುಡುಕಿ ಹುಡುಕಿ ಬೇಸತ್ತು ಕೈಬಿಟ್ಟವನು ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ. ಜನ ಆಸೆ ಬಿಟ್ಟಷ್ಟೂ ದರ ಇಳಿಯಬಹುದು, ಮಂತ್ರಿಗಳು ಬೆನ್ನು ತಟ್ಟಿಕೊಳ್ಳಬಹುದು.

ನಾನು ಉದ್ಯೋಗ ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕಾರ್ಡು ನವೀಕರಿಸಲು ಬರುವವರ ಸಾಲು ಗಿಡ್ಡವಾದ ತಿಂಗಳು ಮೇಲಧಿಕಾರಿಗಳ ಮುಖ ಅರಳುತ್ತಿತ್ತು. ಬಾರದವರು ಎಲ್ಲಿ ಹೋದರು ಎಂದು ಬರೆಯಲು ನಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲ. ಹಾಗಾಗಿ ಯಾರಾದರೂ ನಿರುದ್ಯೋಗ ದರ ಹೇಳಿದರೆ, ದುಡಿಯುವ ವಯಸ್ಸಿನ ನೂರು ಮಂದಿಯಲ್ಲಿ ನಿಜಕ್ಕೂ ದುಡಿಯುತ್ತಿರುವವರೆಷ್ಟು ಎಂದು ಮರುಪ್ರಶ್ನೆ ಹಾಕಿ. ಭಾಷಣದಲ್ಲಿ ಆ ಅಂಕಿ ಅಪರೂಪಕ್ಕೆ ಕೇಳಿಸುತ್ತದೆ.

ಪ್ರಶ್ನೆ: ರಾಜಕಾರಣಿಗಳಿಗೂ ನಿರುದ್ಯೋಗ ಬರುತ್ತದೆಯೇ?

ಉತ್ತರ: ಬರುತ್ತದೆ, ಮತ ಎಣಿಕೆಯ ಸಂಜೆ. ಬಹಳ ಕಡೆ ಅವರಿಗೆ ಪಿಂಚಣಿ ಇರುತ್ತದೆ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಕಾರ್ಖಾನೆ ಮುಚ್ಚಿ ನಮ್ಮ ಯಜಮಾನರ ಕೆಲಸ ಹೋಯಿತು. ಮೊದಮೊದಲು ಟೀವಿ ಮುಂದೆ ಕೂತು ಸರ್ಕಾರವನ್ನು ವಾಚಾಮಗೋಚರ ಬೈಯುತ್ತಿದ್ದರು. ಈಗ ಸುದ್ದಿ ನೋಡುವುದನ್ನೇ ಬಿಟ್ಟಿದ್ದಾರೆ, ಬೈಗುಳವೂ ನಿಂತಿದೆ. ಸದ್ಯ ಶಾಂತರಾದರಲ್ಲ ಎಂದು ಸಮಾಧಾನಪಡಲೇ?

ಉತ್ತರ: ಪಡಬೇಡಿ ತಾಯಿ. ಈ ಕಂತೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ನಿಮ್ಮ ಪತ್ರ.

ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆನ್‌ಥಾಲ್ ಎಂಬ ಊರು ಒಂದೇ ಒಂದು ಜವಳಿ ಗಿರಣಿಯನ್ನು ನಂಬಿಕೊಂಡಿತ್ತು. 1929ರಲ್ಲಿ ಶುರುವಾದ ಜಗತ್ತಿನ ಮಹಾ ಆರ್ಥಿಕ ಕುಸಿತದಲ್ಲಿ ಗಿರಣಿ ಮುಚ್ಚಿತು, ಊರಿಗೆ ಊರೇ ಖಾಲಿ ಕೂತಿತು. ಮರೀ ಯಹೋಡಾ, ಪೌಲ್ ಲಜಾರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಸಂಶೋಧಕರು ತಂಡ ಕಟ್ಟಿಕೊಂಡು ಅಲ್ಲಿಗೆ ಹೋಗಿ, ಕಂಡದ್ದನ್ನು 1933ರಲ್ಲಿ ಪ್ರಕಟಿಸಿದರು. ಹೊಟ್ಟೆಗಿಲ್ಲದವರು ದಂಗೆ ಏಳುತ್ತಾರೆ ಅಂತ ನಾವೆಲ್ಲ ತಿಳಿದಿರುತ್ತೇವಲ್ಲ, ಅಲ್ಲಿ ಯಾರೂ ಎದ್ದಿರಲಿಲ್ಲ. ದಿನವಿಡೀ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಸುಮಾರು ಅರ್ಧಕ್ಕೆ ಇಳಿದಿತ್ತು, ಅದೂ ಶುಲ್ಕ ತೆಗೆದುಹಾಕಿದ ಮೇಲೆ. ರಾಜಕೀಯ ಪತ್ರಿಕೆ ತರಿಸುವವರು ಕಡಿಮೆಯಾಗಿದ್ದರು, ಸಂಘಗಳು ಸೊರಗಿದ್ದವು. ಆ ಸಂಶೋಧಕರು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಗಡಿಯಾರ ಹಿಡಿದು ಅಳೆದರು. ಗಂಡಸರು ಹೆಂಗಸರಿಗಿಂತ ನಿಧಾನ, ನಡುನಡುವೆ ಕಾರಣವಿಲ್ಲದೆ ನಿಂತುಬಿಡುತ್ತಿದ್ದರು. ಹೆಂಗಸರಿಗೆ ನಿಲ್ಲಲು ಪುರಸೊತ್ತೆಲ್ಲಿ? ಮನೆಗೆಲಸ ಬಾಗಿಲು ಮುಚ್ಚುವ ಕಾರ್ಖಾನೆಯಲ್ಲ.

ಆಳುವವರಿಗೆ ಇಂಥ ಮೌನದಷ್ಟು ಅನುಕೂಲದ್ದು ಇನ್ನೊಂದಿಲ್ಲ. ನಿಮ್ಮ ಯಜಮಾನರು ಮತ್ತೆ ಬೈಯಲು ಶುರು ಮಾಡಲಿ ಎಂದೇ ನನ್ನ ಹಾರೈಕೆ, ಆದರೆ ಟೀವಿಯನ್ನಲ್ಲ. ಅವರ ಜೊತೆ ಕೆಲಸ ಕಳೆದುಕೊಂಡವರು ಇನ್ನೂ ಇದ್ದಾರಲ್ಲ, ಅವರೆಲ್ಲ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ಸೇರಲಿ. ಬಾಕಿ ಸಂಬಳ, ಪರಿಹಾರ ಯಾರ್‍ಯಾರಿಗೆ ಎಷ್ಟು ಬರಬೇಕು ಎಂದು ಒಂದು ಪಟ್ಟಿ ಮಾಡಲಿ. ಊಟ, ನಿದ್ದೆ ಕೆಟ್ಟು ಮಂಕು ಹೆಚ್ಚಿದರೆ ಮಾತ್ರ ತಡಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅದಕ್ಕೆ ಅಂಕಣಕಾರ ಸಾಲದು.

ಪ್ರಶ್ನೆ: ಎಲ್ಲ ಪಕ್ಷದವರೂ ಒಂದೇ ಥರದವರು. ಈ ಸಲ ಓಟೇ ಹಾಕುವುದಿಲ್ಲ, ಎಲ್ಲರೂ ತೊಲಗಲಿ. ಸರಿ ತಾನೇ?

ಉತ್ತರ: ಅರ್ಜೆಂಟೀನಾದ ಜನ ಕೂಗಿದ್ದೂ ಇದೇ ಮಾತು, ಎಲ್ಲರೂ ತೊಲಗಲಿ ಅಂತ. 2001ರ ಅಕ್ಟೋಬರ್ ಚುನಾವಣೆಯಲ್ಲಿ ಖಾಲಿ ಬಿಟ್ಟ, ಬೇಕೆಂದೇ ಕೆಡಿಸಿದ ಮತಪತ್ರಗಳು ರಾಶಿ ಬಿದ್ದವು. ಡಿಸೆಂಬರಿನಲ್ಲಿ, ಬ್ಯಾಂಕಿನಿಂದ ವಾರಕ್ಕೆ 250 ಪೆಸೊಗಿಂತ ಹೆಚ್ಚು ನಗದು ತೆಗೆಯುವಂತಿಲ್ಲ ಎಂದು ಸರ್ಕಾರ ಕಟ್ಟು ಹಾಕಿದಾಗ ಮಧ್ಯಮ ವರ್ಗದವರೂ ಪಾತ್ರೆ ಬಡಿಯುತ್ತ ಬೀದಿಗೆ ಬಂದರು. ಗಲಭೆಯಲ್ಲಿ ಹತ್ತಾರು ಮಂದಿ ಸತ್ತರು. ಅಧ್ಯಕ್ಷ ಡೆ ಲಾ ರುವಾ ರಾಜೀನಾಮೆ ಬರೆದು ಹೆಲಿಕಾಪ್ಟರ್ ಹತ್ತಿದರು. ಎರಡು ವಾರದೊಳಗೆ ಆ ಕುರ್ಚಿ ಐದು ಮಂದಿಯನ್ನು ಕಂಡಿತು.

ಆಮೇಲಿನದು ಕೇಳಿ. 2003ರ ಚುನಾವಣೆಯ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಕಾರ್ಲೋಸ್ ಮೆನೆಮ್, ಅಂದರೆ 1989ರಿಂದ 1999ರವರೆಗೆ ಅದೇ ಕುರ್ಚಿಯಲ್ಲಿ ಕೂತಿದ್ದವರು! ಎರಡನೇ ಸುತ್ತಿನಲ್ಲಿ ಸೋಲು ಖಚಿತವೆಂದು ಕಂಡು ಅವರು ಹಿಂದೆ ಸರಿದರು. ಅಧ್ಯಕ್ಷರಾದ ನೆಸ್ಟರ್ ಕಿರ್ಚ್ನರ್ ಕೂಡ ಅವರದೇ ಪೆರೋನ್‌ವಾದಿ ಬಣದವರು, ಅಂದರೆ ಹಿಂದಿನ ಅಧ್ಯಕ್ಷ ಪೆರೋನ್ ಅನುಯಾಯಿಗಳು. ಯಾರು ಹೋಗಬೇಕು ಎಂದಷ್ಟೇ ಹೇಳಿ ಯಾರು ಬರಬೇಕು ಎಂಬುದನ್ನು ಬಿಟ್ಟರೆ, ಒಳಗೆ ಬರುವ ದಾರಿ ಹಳಬರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮನೆಯಲ್ಲಿ ಕೂತವರ ಸಿಟ್ಟು ಯಾವ ಅಭ್ಯರ್ಥಿಯ ಲೆಕ್ಕಕ್ಕೂ ಸಿಗುವುದಿಲ್ಲ.

ಪ್ರಶ್ನೆ: ಹೊರಗಿನಿಂದ ಬಂದವರನ್ನು ವಾಪಸು ಕಳಿಸಿದರೆ ಇಲ್ಲಿಯವರಿಗೆ ಕೆಲಸ ಸಿಗುವುದಿಲ್ಲವೇ? ಇಷ್ಟು ಸಣ್ಣ ವಿಷಯ ಯಾವ ಪಕ್ಷಕ್ಕೂ ಹೊಳೆಯುವುದಿಲ್ಲವೇಕೆ?

ಉತ್ತರ: ಹೊಳೆಯದೆ ಏನು, ಬಹಳ ಪಕ್ಷಗಳಿಗೆ ಮೊದಲು ಹೊಳೆಯುವುದೇ ಅದು. 1930ರ ದಶಕದಲ್ಲಿ ಅಮೆರಿಕ ಮಾಡಿಯೂ ನೋಡಿತು. ಮೆಕ್ಸಿಕೊ ಮೂಲದ ಲಕ್ಷಾಂತರ ಜನರನ್ನು ಹಿಡಿದು, ಹೆದರಿಸಿ, ಇಲ್ಲವೇ ಪುಸಲಾಯಿಸಿ ಗಡಿ ದಾಟಿಸಿದರು. ಅವರಲ್ಲಿ ಅಮೆರಿಕದಲ್ಲೇ ಹುಟ್ಟಿದ ನಾಗರಿಕರೂ ಬಹಳ ಮಂದಿ. ಹೆಚ್ಚು ಜನರನ್ನು ಕಳಿಸಿದ ಊರುಗಳನ್ನೂ ಕಡಿಮೆ ಕಳಿಸಿದ ಊರುಗಳನ್ನೂ ಅರ್ಥಶಾಸ್ತ್ರಜ್ಞರು ಮುಂದೆ ಹೋಲಿಸಿ ನೋಡಿದಾಗ ಸ್ಥಳೀಯರಿಗೆ ಕೆಲಸ ಹೆಚ್ಚಿದ ಗುರುತು ಸಿಗಲಿಲ್ಲ. ಹೋದವನು ಕೆಲಸಗಾರ ಮಾತ್ರವೇ? ಗಿರಾಕಿಯೂ ಹೌದು, ಬಾಡಿಗೆ ಕೊಡುವವನೂ ಹೌದು. 2005ರಲ್ಲಿ ಕ್ಯಾಲಿಫೋರ್ನಿಯಾ ಶಾಸನ ಮಾಡಿ ಕ್ಷಮೆ ಕೇಳಿತು.

ಪ್ರಶ್ನೆ: ನಾನು ನಿವೃತ್ತ. ವರಮಾನ ಇಳಿದಾಗ ಮನೆಯಲ್ಲಿ ಖರ್ಚು ಕಡಿಮೆ ಮಾಡುತ್ತೇವೆ. ಸರ್ಕಾರವೂ ಹಾಗೇ ಮಾಡಬೇಕಲ್ಲವೇ? ಬೈಯುವವರಿಗೆ ಇದೇಕೆ ಅರ್ಥವಾಗುವುದಿಲ್ಲ?

ಉತ್ತರ: ನೀವು ಉಳಿಸಿದ ದುಡ್ಡು ಇನ್ನೊಬ್ಬರ ಕೈಗೆ ಹೋಗಬೇಕಿದ್ದ ವರಮಾನ. ಎಲ್ಲ ಮನೆಗಳೂ ಒಟ್ಟಿಗೆ ಕೈ ಬಿಗಿಹಿಡಿದಿರುವಾಗ ಸರ್ಕಾರವೂ ಬಿಗಿಹಿಡಿದರೆ ಕೊಳ್ಳುವವರೇ ಇರುವುದಿಲ್ಲ. 1930ರಿಂದ 1932ರವರೆಗೆ ಜರ್ಮನಿಯ ಚಾನ್ಸೆಲರ್ (ಸರ್ಕಾರದ ಮುಖ್ಯಸ್ಥ) ಆಗಿದ್ದ ಹೈನ್ರಿಕ್ ಬ್ರೂನಿಂಗ್ ತುರ್ತು ಆಜ್ಞೆಗಳ ಮೂಲಕ ಸಂಬಳ ಕಡಿದರು, ನಿರುದ್ಯೋಗ ಭತ್ಯೆ ಕಡಿದರು, ತೆರಿಗೆ ಏರಿಸಿದರು. 1932ರ ಆರಂಭದ ಹೊತ್ತಿಗೆ ಕೆಲಸವಿಲ್ಲದವರು ಸುಮಾರು 60 ಲಕ್ಷ. ನಾಜಿ ಪಕ್ಷ 1928ರಲ್ಲಿ ಪಡೆದದ್ದು ಶೇ 2.6 ಮತ, 1932ರ ಜುಲೈಯಲ್ಲಿ ಶೇ 37.3.

ಇಲ್ಲೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಆಗ ಕೆಲಸ ಕಳೆದುಕೊಂಡ ಕಾರ್ಮಿಕರು ಹೆಚ್ಚಾಗಿ ವಾಲಿದ್ದು ಕಮ್ಯುನಿಸ್ಟರ ಕಡೆಗೆ. ನಾಜಿಗಳ ಬುಟ್ಟಿ ತುಂಬಿಸಿದವರಲ್ಲಿ ಸಣ್ಣ ಅಂಗಡಿಯವರು, ರೈತರು, ತಮ್ಮದೂ ನಾಳೆ ಹೋದೀತು ಎಂದು ಹೆದರಿದವರು ಬಹಳ. ಸ್ವಾಮಿ, ಬೈಯುವವರ ಬಗ್ಗೆ ಅಷ್ಟು ಚಿಂತೆ ಬೇಡ, ಹೆದರಿದವರ ಮೇಲೆ ಕಣ್ಣಿಡಿ. ಹಾಗಂತ ದುಂದುವೆಚ್ಚ, ಕಮಿಷನ್ ವ್ಯವಹಾರವನ್ನು ನಾನು ಸಮರ್ಥಿಸುತ್ತಿಲ್ಲ. ಅದನ್ನು ಕಡಿಯಲು ಕುಸಿತದವರೆಗೆ ಕಾಯಬೇಕಾದ್ದೂ ಇಲ್ಲ.

ಪ್ರಶ್ನೆ: ಪತ್ರಿಕೆಗೆ ಬರೆದು ಏನು ಪ್ರಯೋಜನ ಸರ್? ನೇಮಕಾತಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತ ನನ್ನ ವಯೋಮಿತಿಯೇ ಮುಗಿಯುತ್ತಿದೆ. ನಿಮ್ಮಂಥವರು ಬುದ್ಧಿ ಹೇಳುತ್ತೀರಿ, ಅಷ್ಟೇ.

ಉತ್ತರ: ಬುದ್ಧಿ ಹೇಳುತ್ತೇನೆ ಎಂಬುದನ್ನು ಒಪ್ಪಿದೆ. ಆದರೆ ಪತ್ರವನ್ನು ಹಗುರಾಗಿ ಕಾಣಬೇಡಿ. 1933ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಫ್ರಾನ್ಸಿಸ್ ಟೌನ್‌ಸೆಂಡ್ ಎಂಬ, ಅರವತ್ತು ದಾಟಿದ, ಕೆಲಸ ಕಳೆದುಕೊಂಡ ವೈದ್ಯರೊಬ್ಬರು ಸ್ಥಳೀಯ ಪತ್ರಿಕೆಗೆ ಒಂದು ಓಲೆ ಬರೆದರು. ಅರವತ್ತು ದಾಟಿ ಕೆಲಸ ಬಿಟ್ಟವರಿಗೆಲ್ಲ ಸರ್ಕಾರ ತಿಂಗಳಿಗೆ ಇಂತಿಷ್ಟು ಕೊಡಲಿ, ಅವರು ಅದನ್ನು ಬಂದ ಹಾಗೆ ಖರ್ಚು ಮಾಡಲೇಬೇಕು ಎಂಬುದು ಅದರ ಸಾರ. ಮೊತ್ತ 200 ಡಾಲರ್ ಎಂದು ನಿಂತಿತು. ಲೆಕ್ಕ ಹಾಕಿ ನೋಡಿದರೆ ಬಾಳುವ ಯೋಜನೆಯೇ ಅಲ್ಲ. ಆದರೂ ಊರೂರಲ್ಲಿ ಅವರ ಹೆಸರಿನ ಕ್ಲಬ್ಬುಗಳು ಹುಟ್ಟಿ ಲಕ್ಷಗಟ್ಟಲೆ ಹಿರಿಯರು ಸೇರಿದರು, ಸಂಸದರಿಗೆ ಅರ್ಜಿಗಳ ಮಳೆ ಸುರಿಯಿತು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ವೃದ್ಧಾಪ್ಯ ಪಿಂಚಣಿ ಸೇರಿದ ಸಾಮಾಜಿಕ ಭದ್ರತಾ ಕಾಯಿದೆ ತಂದಾಗ ಈ ಒತ್ತಡದ ಪಾಲೂ ಅದರಲ್ಲಿತ್ತು. ಟೌನ್‌ಸೆಂಡ್ ಪತ್ರದಲ್ಲಿ ವಯಸ್ಸಿತ್ತು, ಷರತ್ತಿತ್ತು, ಯಾರು ಕೊಡಬೇಕು ಎಂಬುದೂ ಇತ್ತು. ಓದಿದವನು ಇಲ್ಲ ಎಂದಾದರೂ ಹೇಳಬೇಕಾಗುತ್ತಿತ್ತು.

ನಿಮ್ಮ ಪತ್ರದ ಎರಡನೇ ಪುಟ ಪೂರ್ತಿ ಮಂತ್ರಿಯೊಬ್ಬರ ವಂಶಾವಳಿ, ಅದನ್ನು ಬಿಟ್ಟಿದ್ದೇನೆ. ಯಾವ ಇಲಾಖೆ, ಎಷ್ಟು ಹುದ್ದೆ, ಅಧಿಸೂಚನೆ ಹೊರಟದ್ದು ಯಾವತ್ತು, ಪರೀಕ್ಷೆ ಯಾವತ್ತು, ನಿಮ್ಮ ಜೊತೆ ಕಾಯುತ್ತಿರುವವರೆಷ್ಟು? ಅವರ ಸಹಿಯೊಂದಿಗೆ ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನನ್ನ ಉತ್ತರ ಬಿಟ್ಟು ಅದನ್ನೇ ಹಾಕುತ್ತೇನೆ.